ಕತ್ತರಿಸಿ ಅಂಟಿಸೋದು ಅರ್ಥ ಆಯ್ತು, ಸೇರಿದ ಜೀನ್ ಎಲ್ಲಿದೆ ಅಂತ ಗೊತ್ತಾಗೋದು ಹೇಗೆ?

ಮೂರನೇಸೆಮ್

ಎಲ್ಲರಿಗೂ ನಮಸ್ಕಾರ. ನಾನು ಬಯೋಟೆಕ್ನಾಲಜಿ ವಿದ್ಯಾರ್ಥಿನಿ. ರಿಕಾಂಬಿನೆಂಟ್ ಡಿಎನ್‌ಎ ಪಾಠ ಈಗಷ್ಟೇ ಮುಗೀತು. ಪುಸ್ತಕದ ಚಿತ್ರದಲ್ಲಿ ಎಲ್ಲಾ ಸಲೀಸಾಗಿದೆ. ಪ್ಲಾಸ್ಮಿಡ್ ಅನ್ನೋ ಡಿಎನ್‌ಎ ಉಂಗುರ, ಅದನ್ನ ಕಿಣ್ವ ಕತ್ತರಿಸುತ್ತೆ, ಬೇಕಾದ ಜೀನ್ ಆ ಸಂದಿನಲ್ಲಿ ಕೂರುತ್ತೆ, ಲೈಗೇಸ್ ಬೆಸೆಯುತ್ತೆ, ಬ್ಯಾಕ್ಟೀರಿಯಾ ಒಳಗೆ ಹೋಗುತ್ತೆ, ಇನ್ಸುಲಿನ್ ಬರುತ್ತೆ.

ನನಗೆ ತಲೆಗೆ ಹತ್ತದೇ ಇರೋದು ಅದರ ಮುಂದಿನದು. ಒಂದು ಹನಿಯಲ್ಲಿ ಕೋಟಿಗಟ್ಟಲೆ ಬ್ಯಾಕ್ಟೀರಿಯಾ ಇರುತ್ತೆ. ಯಾವುದಕ್ಕೆ ಜೀನ್ ಸೇರಿದೆ, ಯಾವುದಕ್ಕೆ ಸೇರಿಲ್ಲ ಅಂತ ಕಣ್ಣಿಗೆ ಕಾಣಲ್ಲ. ಹಾಗಿದ್ರೆ ಹೇಗೆ ಆರಿಸ್ತಾರೆ? ಗಿಡದ ವಿಷಯಕ್ಕೆ ಬಂದ್ರೆ ಇನ್ನೂ ಗೊಂದಲ. ಕ್ರೋಮೋಸೋಮ್‌ನಲ್ಲಿ ಆ ಜೀನ್ ಎಲ್ಲಿ ಹೋಗಿ ಕೂರುತ್ತೆ ಅಂತ ನಾವು ಹೇಳೋಕಾಗುತ್ತಾ? ಜೀನ್ ತಿದ್ದೋ ಕ್ರಿಸ್ಪರ್ ಬಂದಮೇಲೆ ಈ ಹಳೇ ವಿಧಾನಗಳೆಲ್ಲ ಬೇಡವಾದ್ವಾ? ಗೊತ್ತಿರೋರು ದಯವಿಟ್ಟು ಬಿಡಿಸಿ ಹೇಳಿ.

ಪೆಟ್ರಿತಟ್ಟೆ

ಒಳ್ಳೆ ಪ್ರಶ್ನೆ. ನನ್ನ ಕೇಳಿದ್ರೆ ಈ ವಿದ್ಯೆಯ ಅರ್ಧಕ್ಕಿಂತ ಹೆಚ್ಚು ಇರೋದು ಅಲ್ಲೇ. ಕತ್ತರಿಸೋ ಕಿಣ್ವ ತನ್ನ ಕೆಲಸ ತಾನು ಮಾಡುತ್ತೆ. ಇಕೋ-ಆರ್-ಒನ್ ಆದ್ರೆ ಜಿ-ಎ-ಎ-ಟಿ-ಟಿ-ಸಿ ಅನ್ನೋ ಆರು ಅಕ್ಷರ ಕಂಡ ಕಡೆ ಕತ್ತರಿಸುತ್ತೆ, ನಾಲ್ಕಕ್ಷರದ ಅಂಟು ತುದಿ ಬಿಡುತ್ತೆ. ಅದರಲ್ಲಿ ನಮ್ಮ ಕೈಚಳಕ ಏನೂ ಇಲ್ಲ. ಸರಿಯಾದ ಕೋಶವನ್ನ ಹೆಕ್ಕೋದರಲ್ಲೇ ಎಲ್ಲ ಇದೆ.

ಲ್ಯಾಬ್‌ನಲ್ಲಿ ನಡೆಯೋದನ್ನ ಹೇಳ್ತೀನಿ. ಈ. ಕೊಲೈ ಬ್ಯಾಕ್ಟೀರಿಯಾ ಕೋಶಗಳನ್ನ ಕ್ಯಾಲ್ಸಿಯಂ ಕ್ಲೋರೈಡ್‌ನಲ್ಲಿ ಮಂಜುಗಡ್ಡೆ ಮೇಲೆ ಇಟ್ಟಿರ್ತೀವಿ. ಪ್ಲಾಸ್ಮಿಡ್ ಹಾಕಿ, ಸ್ವಲ್ಪ ಹೊತ್ತು ಬಿಟ್ಟು, 42 ಡಿಗ್ರಿ ನೀರಲ್ಲಿ ಒಂದು ನಿಮಿಷದ ಆಸುಪಾಸು ಅದ್ದಿ ಮತ್ತೆ ಮಂಜುಗಡ್ಡೆಗೆ. ಇದೇ ಹೀಟ್ ಶಾಕ್. ಇಷ್ಟೆಲ್ಲ ಮಾಡಿದರೂ ಬಹುತೇಕ ಕೋಶಗಳಿಗೆ ಏನೂ ಸೇರಿರಲ್ಲ. ಅದಕ್ಕೇ ಪ್ಲಾಸ್ಮಿಡ್‌ನಲ್ಲಿ ಆಂಪಿಸಿಲಿನ್ ತಡೆಯೋ ಜೀನ್ ಮೊದಲೇ ಇಟ್ಟಿರ್ತೀವಿ. ಆಂಪಿಸಿಲಿನ್ ಇರೋ ಅಗಾರ್ ತಟ್ಟೆ ಮೇಲೆ ಹರಡಿದ್ರೆ ಪ್ಲಾಸ್ಮಿಡ್ ಇರೋವು ಮಾತ್ರ ಬೆಳೀತವೆ, ಉಳಿದವು ಸಾಯ್ತವೆ.

ಹೀಟ್ ಶಾಕ್ ಆದ ತಕ್ಷಣ ತಟ್ಟೆಗೆ ಹಾಕಬಾರದು. ಆಂಟಿಬಯಾಟಿಕ್ ಇಲ್ಲದ ಸಾರಿನಲ್ಲಿ 37 ಡಿಗ್ರಿಯಲ್ಲಿ ಸುಮಾರು ಒಂದು ಗಂಟೆ ಬಿಡಬೇಕು. ಜೀನ್ ಒಳಗೆ ಬಂದಿದ್ದರೂ ಅದರಿಂದ ಆಂಪಿಸಿಲಿನ್ ಒಡೆಯೋ ಬೀಟಾ-ಲ್ಯಾಕ್ಟಮೇಸ್ ಕಿಣ್ವ ತಯಾರಾಗೋಕೆ ಹೊತ್ತು ಬೇಕು. ಆ ಪುರುಸೊತ್ತು ಕೊಡದಿದ್ರೆ ಪ್ಲಾಸ್ಮಿಡ್ ಸೇರಿದ ಕೋಶಾನೂ ಸಾಯುತ್ತೆ.

ಮಾರನೇ ದಿನ ತಟ್ಟೆ ತೆಗೆದಾಗ ದೊಡ್ಡ ಕಾಲೊನಿ ಸುತ್ತ ಪುಡಿ ಚೆಲ್ಲಿದ ಹಾಗೆ ಸಣ್ಣ ಸಣ್ಣ ಚುಕ್ಕೆ ಕಂಡ್ರೆ ಅವನ್ನ ಮುಟ್ಟಬೇಡಿ. ಅವು ಸ್ಯಾಟಲೈಟ್ ಕಾಲೊನಿ. ದೊಡ್ಡ ಕಾಲೊನಿ ಬಿಟ್ಟ ಕಿಣ್ವ ಸುತ್ತಲಿನ ಆಂಪಿಸಿಲಿನ್‌ನ ಒಡೆದು ಹಾಕಿರುತ್ತೆ, ಆ ಜಾಗದಲ್ಲಿ ಪ್ಲಾಸ್ಮಿಡ್ ಇಲ್ಲದವೂ ತಲೆ ಎತ್ತಿರ್ತವೆ. ತಟ್ಟೆ ಇನ್‌ಕ್ಯುಬೇಟರ್‌ನಲ್ಲಿ ಹೆಚ್ಚು ಹೊತ್ತು ಇದ್ದಷ್ಟೂ ಇವು ಜಾಸ್ತಿ.

ಮೂರನೇಸೆಮ್

ತುಂಬಾ ಧನ್ಯವಾದ. ಆದ್ರೆ ಇದರಿಂದ ಪ್ಲಾಸ್ಮಿಡ್ ಸೇರಿದೆ ಅಂತ ಮಾತ್ರ ಗೊತ್ತಾಯ್ತು ಅಲ್ವಾ? ಪ್ಲಾಸ್ಮಿಡ್ ಒಳಗೆ ನಮ್ಮ ಜೀನ್ ಇದೆ ಅಂತ ಹೇಗೆ? ಅದಕ್ಕೇನಾ ಆ ನೀಲಿ-ಬಿಳಿ ಕಾಲೊನಿ? ಬಿಳಿ ಆದ್ರೆ ಜೀನ್ ಇದೆ ಅಂತ ಬರ್ಕೊಂಡಿದೀನಿ.

ಪೆಟ್ರಿತಟ್ಟೆ

ಬಿಳಿ ಆದ್ರೆ *ಇರಬಹುದು* ಅಂತ ತಿದ್ಕೊಳ್ಳಿ. ನಾವು ಜೀನ್ ತೂರಿಸೋ ಜಾಗ ಲ್ಯಾಕ್-ಝಡ್ ಜೀನ್‌ನ ನಡುವೆ ಇರುತ್ತೆ. ಲ್ಯಾಕ್-ಝಡ್ ಸರಿ ಇದ್ರೆ ತಟ್ಟೆಯಲ್ಲಿ ಹಾಕಿರೋ ಎಕ್ಸ್-ಗ್ಯಾಲ್ ಅನ್ನೋ ರಾಸಾಯನಿಕ ಒಡೆದು ನೀಲಿ ಬಣ್ಣ, ಮುರಿದ್ರೆ ಬಿಳಿ. ಆದ್ರೆ ಮುರಿಯೋಕೆ ನಮ್ಮ ಜೀನೇ ಬೇಕು ಅಂತಿಲ್ಲ. ಎಲ್ಲಿಂದಲೋ ಬಂದ ಡಿಎನ್‌ಎ ಚೂರು ಸೇರಿದ್ರೂ ಬಿಳಿ, ಕತ್ತರಿಸಿದ ತುದಿಯಲ್ಲಿ ಒಂದೆರಡು ಅಕ್ಷರ ಉದುರಿದ್ರೂ ಬಿಳಿ. ಒಂದೇ ಕಿಣ್ವದಿಂದ ಎರಡೂ ಕಡೆ ಕತ್ತರಿಸಿದ್ರೆ ಜೀನ್ ತಲೆಕೆಳಗಾಗಿ ಸೇರಬಹುದು, ಆಗ ಕಾಲೊನಿ ಬಿಳಿ, ಪ್ರೋಟೀನ್ ಸೊನ್ನೆ. ಅದಕ್ಕೇ ಆದಷ್ಟೂ ಎರಡು ಬೇರೆ ಬೇರೆ ಕಿಣ್ವ ಬಳಸ್ತೀವಿ.

ಜೀನನ್ನ ಪಿಸಿಆರ್‌ನಿಂದ ನಕಲು ಮಾಡಿದ್ರಂತೂ ಕಡೆಗೆ ಸೀಕ್ವೆನ್ಸ್ ಮಾಡಿ ಓದಲೇಬೇಕು. ಪಿಸಿಆರ್‌ನಲ್ಲಿ ನಕಲು ಮಾಡೋ ಟ್ಯಾಕ್ ಕಿಣ್ವ ಅಮೆರಿಕದ ಯೆಲ್ಲೋಸ್ಟೋನ್‌ನ ಬಿಸಿನೀರಿನ ಬುಗ್ಗೆಯ ಥರ್ಮಸ್ ಅಕ್ವಾಟಿಕಸ್ ಬ್ಯಾಕ್ಟೀರಿಯಾದ್ದು. ಕುದಿಯೋ ಹತ್ತಿರದ ಶಾಖ ತಡ್ಕೊಳ್ಳುತ್ತೆ, ಆದ್ರೆ ತಾನು ಹಾಕಿದ ತಪ್ಪಕ್ಷರವನ್ನ ತಿದ್ದೋ ಗುಣ ಅದಕ್ಕಿಲ್ಲ. ತಿದ್ದೋ ಗುಣ ಇರೋ ಬೇರೆ ಕಿಣ್ವಗಳು ಇವೆ, ಕ್ಲೋನಿಂಗ್‌ಗೆ ಅವೇ ಸರಿ.

ಇನ್ಸುಲಿನ್ ಮಾತು ಎತ್ತಿದ್ರಿ ಅಂತ ಹೇಳ್ತೀನಿ, ಅದೂ ಚಿತ್ರದಷ್ಟು ಸಲೀಸಾಗಿ ಆಗಲಿಲ್ಲ. 1978ರಲ್ಲಿ ಮಾಡಿದಾಗ 21 ಅಮೈನೋ ಆಮ್ಲದ ಎ ಸರಪಳಿ, 30ರ ಬಿ ಸರಪಳಿ ಎರಡನ್ನೂ ಬೇರೆ ಬೇರೆ ಬ್ಯಾಕ್ಟೀರಿಯಾದಲ್ಲಿ ಬೆಳೆಸಿದ್ರು. ಅಷ್ಟು ಚಿಕ್ಕ ಪರಕೀಯ ಪ್ರೋಟೀನನ್ನ ಈ. ಕೊಲೈ ಒಡೆದು ನುಂಗಿಬಿಡುತ್ತೆ, ಅದಕ್ಕೇ ಬೀಟಾ-ಗ್ಯಾಲಕ್ಟೊಸಿಡೇಸ್ ಅನ್ನೋ ದೊಡ್ಡ ಪ್ರೋಟೀನ್‌ನ ಬಾಲಕ್ಕೆ ಅಂಟಿಸಿದ್ರು. ಆಮೇಲೆ ಬಿಡಿಸೋದು ಹೇಗೆ? ಜೋಡಣೆ ಜಾಗದಲ್ಲಿ ಒಂದು ಮೆಥಿಯೊನಿನ್ ಇಟ್ಟು, ಮೆಥಿಯೊನಿನ್ ಇದ್ದಲ್ಲಿ ಮಾತ್ರ ಕತ್ತರಿಸೋ ಸಯನೋಜನ್ ಬ್ರೋಮೈಡ್ ಹಾಕಿದ್ರು. ಇನ್ಸುಲಿನ್‌ನ ಎರಡೂ ಸರಪಳಿಯಲ್ಲಿ ಮೆಥಿಯೊನಿನ್ ಒಂದೂ ಇಲ್ಲ, ಹಾಗಾಗಿ ಅದಕ್ಕೆ ಏನೂ ಆಗಲಿಲ್ಲ. ಎಷ್ಟು ಸಲ ಓದಿದ್ರೂ ನನಗೆ ಖುಷಿ ಕೊಡೋ ಉಪಾಯ ಇದು. 1982ರಲ್ಲಿ ಔಷಧಿಯಾಗಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ತು.

ಹಸಿರುಮೊಳಕೆ

ಗಿಡದ ಭಾಗ ನಾನು ಹೇಳ್ತೀನಮ್ಮ, ಅಂಗಾಂಶ ಕೃಷಿಯೇ ನನ್ನ ಕೆಲಸ.

ಮೊದಲಿಗೆ, ಜೀನ್ ಸೇರಿಸೋದು ನಾವಲ್ಲ, ಅಗ್ರೋಬ್ಯಾಕ್ಟೀರಿಯಂ. ಮಣ್ಣಿನ ಈ ಬ್ಯಾಕ್ಟೀರಿಯಾ ಗಾಯವಾದ ಗಿಡ ಸ್ರವಿಸೋ ಅಸಿಟೋಸಿರಿಂಗೋನ್‌ನಂಥ ವಸ್ತುಗಳ ಜಾಡು ಹಿಡಿದು ಬರುತ್ತೆ. ತನ್ನ ಟಿಐ ಪ್ಲಾಸ್ಮಿಡ್‌ನ ಒಂದು ತುಂಡನ್ನ (ಟಿ-ಡಿಎನ್‌ಎ ಅಂತೀವಿ) ಗಿಡದ ಕೋಶಕ್ಕೆ ದಾಟಿಸಿ ಅದರ ಕ್ರೋಮೋಸೋಮ್‌ಗೆ ಸೇರಿಸುತ್ತೆ. ನಿಸರ್ಗದಲ್ಲಿ ಇದರಿಂದ ಗಿಡಕ್ಕೆ ಗಂಟು ರೋಗ ಬರುತ್ತೆ. ನಾವು ಗಂಟು ತರಿಸೋ ಜೀನ್‌ಗಳನ್ನ ತೆಗೆದುಹಾಕಿ, ಎರಡು ತುದಿಯ ಗಡಿ ಗುರುತುಗಳನ್ನ ಹಾಗೇ ಉಳಿಸಿ, ಮಧ್ಯೆ ನಮಗೆ ಬೇಕಾದ್ದನ್ನ ಇಡ್ತೀವಿ. ತಂಬಾಕಿನಲ್ಲಿ ಇದನ್ನ ಮಾಡಿ ತೋರಿಸಿದ್ದು 1983ರಲ್ಲಿ. ಮನುಷ್ಯರ ಕೈ ಇಲ್ಲದೇನೂ ಇದು ಆಗಿದೆ. ಸಿಹಿಗೆಣಸಿನ ಜೀನೋಮ್‌ನಲ್ಲಿ ಅಗ್ರೋಬ್ಯಾಕ್ಟೀರಿಯಂನ ಟಿ-ಡಿಎನ್‌ಎ ಸೇರಿಕೊಂಡಿರೋದು 2015ರಲ್ಲಿ ಪ್ರಕಟವಾಯ್ತು. ಹಾಗೆಂದು ಎಲ್ಲವೂ ಸುರಕ್ಷಿತ ಅಂತ ನಾನು ಹೇಳ್ತಿಲ್ಲ. ಪ್ರಕೃತಿಯಲ್ಲಿ ಇದು ನಡೆಯುತ್ತೆ ಅಷ್ಟೇ.

ಈಗ ಆರಿಸೋದು. ಎಲೆಯನ್ನ ಬಿಲ್ಲೆ ಬಿಲ್ಲೆಯಾಗಿ ಕತ್ತರಿಸಿ, ಬ್ಯಾಕ್ಟೀರಿಯಾದ ಜೊತೆ ಎರಡು ಮೂರು ದಿನ ಬಿಟ್ಟು, ಆಮೇಲೆ ಕ್ಯಾನಮೈಸಿನ್ (ಇದೂ ಆಂಟಿಬಯಾಟಿಕ್, ಇದನ್ನ ತಡೆಯೋ ಜೀನ್ ನಮ್ಮ ತುಂಡಿನಲ್ಲೇ ಇರುತ್ತೆ) ಇರೋ ಮಾಧ್ಯಮಕ್ಕೆ ವರ್ಗಾಯಿಸ್ತೀವಿ. ಅದರಲ್ಲಿ ಗಿಡದ ಹಾರ್ಮೋನುಗಳಲ್ಲಿ ಸೈಟೋಕೈನಿನ್ ಹೆಚ್ಚು, ಆಕ್ಸಿನ್ ಕಡಿಮೆ. ಕೆಲವು ವಾರಕ್ಕೆ ಬಿಲ್ಲೆಯ ಅಂಚು ಉಬ್ಬಿ ಕ್ಯಾಲಸ್ ಅನ್ನೋ ಕೋಶಗಳ ಮುದ್ದೆ ಬರುತ್ತೆ, ಅದರಿಂದ ಚಿಗುರು. ಹೊಸಬರು ಮೋಸ ಹೋಗೋದು ಇಲ್ಲೇ. ಕೆಲವು ಚಿಗುರು ಪೂರಾ ಬಿಳಿ, ಅವು ಹೋದವು. ಕೆಲವು ಹಸಿರಾಗಿಯೇ ಇರ್ತವೆ, ಆದ್ರೆ ಅಕ್ಕಪಕ್ಕದ ಕೋಶದ ಆಸರೆಯಲ್ಲಿ ಬದುಕಿರ್ತವೆ. ಹಸಿರು ಅಂದಮಾತ್ರಕ್ಕೆ ನಂಬೋ ಹಾಗಿಲ್ಲ. ಆ ಚಿಗುರನ್ನ ಬುಡದಲ್ಲಿ ಕತ್ತರಿಸಿ, ಮತ್ತೆ ಕ್ಯಾನಮೈಸಿನ್ ಇರೋ ಬೇರು ಬರಿಸೋ ಮಾಧ್ಯಮದಲ್ಲಿ ನೆಡಬೇಕು. ಜೀನ್ ಇಲ್ಲದ ಚಿಗುರು ಅಲ್ಲಿ ಬೇರು ಬಿಡೋಕೆ ತಿಣುಕುತ್ತೆ. ನನಗೆ ಬೇರು ಕಂಡಾಗಲೇ ಸ್ವಲ್ಪ ಧೈರ್ಯ ಬರೋದು.

ಇನ್ನು ನಿಮ್ಮ ಮುಖ್ಯ ಪ್ರಶ್ನೆ, ಎಲ್ಲಿ ಕೂರುತ್ತೆ? ಮೊದಲೇ ಹೇಳೋಕಾಗಲ್ಲ. ಎಲ್ಲಿ ಬೇಕಾದ್ರೂ ಕೂರಬಹುದು. ಒಂದೇ ಪ್ರತಿ ಇರಬಹುದು, ನಾಲ್ಕು ಪ್ರತಿ ಇರಬಹುದು. ಮುದುಡಿಕೊಂಡ ಕ್ರೋಮ್ಯಾಟಿನ್ (ಪ್ರೋಟೀನ್‌ಗೆ ಸುತ್ತಿಕೊಂಡ ಡಿಎನ್‌ಎ) ಪಕ್ಕ ಬಿದ್ರೆ ಜೀನ್ ಇದ್ದೂ ಕೆಲಸ ಮಾಡಲ್ಲ. ಹಾಗಾಗಿ ಹೊಸದಾಗಿ ಬಂದ ಒಂದೊಂದು ಗಿಡವೂ ಬೇರೆಯೇ, ಅದನ್ನ 'ಇವೆಂಟ್' ಅಂತೀವಿ. ಹಲವಾರು ಇವೆಂಟ್ ಮಾಡಿ, ಸದರ್ನ್ ಬ್ಲಾಟ್ ಅಥವಾ ಸೀಕ್ವೆನ್ಸಿಂಗ್‌ನಿಂದ ಎಷ್ಟು ಪ್ರತಿ, ಯಾವ ಜಾಗ, ಅಕ್ಕಪಕ್ಕ ಯಾವ ಜೀನ್ ಇದೆ ಅಂತ ನೋಡಿ, ಒಂದೇ ಪ್ರತಿ ಇರೋದನ್ನ ಇಟ್ಕೊಂಡು ಉಳಿದದ್ದನ್ನೆಲ್ಲ ನಾಶ ಮಾಡ್ತೀವಿ. ಅದರ ಬೀಜ ಬಿತ್ತಿದಾಗ ಮುಂದಿನ ಪೀಳಿಗೆಯಲ್ಲಿ ಮೂರಕ್ಕೊಂದರ ಮೆಂಡೆಲ್ ಲೆಕ್ಕ (ಜೀನ್ ಇರೋವು ಮೂರಕ್ಕೆ ಇಲ್ಲದ್ದು ಒಂದು) ಬಂದ್ರೆ ಜೀನ್ ಒಂದೇ ಕಡೆ ಇದೆ ಅಂತ ಭರವಸೆ.

ಪ್ರಶ್ನೆಚಿಹ್ನೆ

> ಮೊದಲೇ ಹೇಳೋಕಾಗಲ್ಲ. ಎಲ್ಲಿ ಬೇಕಾದ್ರೂ ಕೂರಬಹುದು.

ಇದೇ ನನ್ನ ಆತಂಕ. ಎಲ್ಲಿ ಬೀಳುತ್ತೋ ಗೊತ್ತಿಲ್ಲದ ಜೀನ್ ಹಾಕಿ, ಅದರ ಬೀಜವನ್ನ ಜನ ತಿನ್ನೋ ಬೆಳೆ ಮಾಡೋದು ಎಷ್ಟರ ಮಟ್ಟಿಗೆ ಸರಿ? ವಿಜ್ಞಾನದ ವಿರೋಧಿ ಅಂತ ದಯವಿಟ್ಟು ಹಣೆಪಟ್ಟಿ ಹಚ್ಚಬೇಡಿ. ಕೀಟಗಳು ನಿರೋಧ ಬೆಳೆಸಿಕೊಂಡಿದ್ದು, ಕಳೆಗಳು ಕಳೆನಾಶಕಕ್ಕೆ ಜಗ್ಗದೇ ಇರೋದು, ಇವೆಲ್ಲ ನಿಜವಾಗಿ ನಡೆದಿರೋದು.

ಜೀವಶಾಸ್ತ್ರ_ಮೇಷ್ಟ್ರು

ನಿಮ್ಮ ಕಳಕಳಿ ನ್ಯಾಯವಾದದ್ದು. ಆದರೆ ಅದರಲ್ಲಿ ಎರಡು ಬೇರೆ ಪ್ರಶ್ನೆಗಳಿವೆ, ಬಿಡಿಸಿ ನೋಡೋಣ.

ಜೀನ್ ಎಲ್ಲಿ ಬೀಳುತ್ತದೆ ಎಂಬುದು ಮೊದಲಿಗೆ ಗೊತ್ತಿರುವುದಿಲ್ಲ, ಆದರೆ ಬಿದ್ದ ಮೇಲೆ ಗೊತ್ತಾಗುತ್ತದೆ. ಹೊರಗೆ ಬರುವ ಬೆಳೆ ಆ ಒಂದೇ ಇವೆಂಟ್‌ನ ಸಂತತಿ. ಇದಕ್ಕೆ ಹೋಲಿಸಿದರೆ ಗಾಮಾ ಕಿರಣ ಅಥವಾ ರಾಸಾಯನಿಕ ಬಳಸಿ ಮಾಡುವ ಮ್ಯುಟೇಶನ್ ತಳಿ ಅಭಿವೃದ್ಧಿಯಲ್ಲಿ ಜೀನೋಮ್‌ನ ತುಂಬ ಬದಲಾವಣೆಗಳು ಚೆಲ್ಲಿರುತ್ತವೆ. ಅದನ್ನು ದಶಕಗಳಿಂದ ಬಹುತೇಕ ದೇಶಗಳು ಮಾಮೂಲಿ ತಳಿಯಂತೆಯೇ ಒಪ್ಪಿಕೊಂಡಿವೆ. ಬದಲಾವಣೆ ಆಕಸ್ಮಿಕ ಎಂಬುದೇ ಅಪಾಯವಾದರೆ ಅವುಗಳಿಗೆ ಇನ್ನೂ ಕಟ್ಟುನಿಟ್ಟಿನ ಪರೀಕ್ಷೆ ಬೇಕಿತ್ತು.

ನಿಜವಾಗಿ ನೋಡಬೇಕಾದದ್ದು ಸೇರಿಸಿದ ಪ್ರೋಟೀನ್ ಏನು ಮಾಡುತ್ತದೆ ಎಂಬುದನ್ನು. ಸೋಯಾಬೀನ್‌ನಲ್ಲಿ ಮೆಥಿಯೊನಿನ್ ಹೆಚ್ಚಿಸಲು ಬ್ರೆಜಿಲ್ ನಟ್‌ನ ಜೀನ್ ಸೇರಿಸಿದ್ದರು. ಬ್ರೆಜಿಲ್ ನಟ್ ಅಲರ್ಜಿ ಇರುವವರ ರಕ್ತದ ಸೀರಂ ಜೊತೆ ಪರೀಕ್ಷಿಸಿದಾಗ ಆ ಪ್ರೋಟೀನೇ ಅಲರ್ಜಿಕಾರಕ ಎಂದು ತಿಳಿಯಿತು. 1996ರಲ್ಲಿ ಫಲಿತಾಂಶ ಪ್ರಕಟವಾಯಿತು, ಆ ಸೋಯಾ ಮಾರುಕಟ್ಟೆಗೆ ಬರಲೇ ಇಲ್ಲ. ಅಲ್ಲಿ ಜೀನ್ ಯಾವ ಕ್ರೋಮೋಸೋಮ್‌ನಲ್ಲಿ ಕೂತಿದೆ ಎಂಬುದು ಗೌಣವಾಗಿತ್ತು.

ಎರಡನೆಯದು ಹೊಲದ ಪ್ರಶ್ನೆ, ಅದರಲ್ಲಿ ನಾನು ನಿಮ್ಮ ಕಡೆಗೇ ಹೆಚ್ಚು ವಾಲುತ್ತೇನೆ. ಬಿಟಿ ಬೆಳೆಯಲ್ಲಿ ಕೀಟ ಕೊಲ್ಲುವ ಬ್ಯಾಕ್ಟೀರಿಯಾದ ಜೀನ್ ಇರುತ್ತದೆ. ಅದರ ಬಿಟಿ ಪ್ರೋಟೀನ್ ಹುಳುವಿನ ಕ್ಷಾರೀಯ ಕರುಳಿನಲ್ಲಿ ಕರಗಿ, ಅಲ್ಲಿನ ಕಿಣ್ವಗಳಿಂದ ಚುರುಕಾಗಿ, ಕರುಳಿನ ಗೋಡೆಯ ನಿರ್ದಿಷ್ಟ ಗ್ರಾಹಕಗಳಿಗೆ ಅಂಟಿ ರಂಧ್ರ ಕೊರೆಯುತ್ತದೆ. ಆ ಗ್ರಾಹಕ ಬದಲಾದ ಹುಳು ಬದುಕಿಕೊಳ್ಳುತ್ತದೆ. ಸುತ್ತ ಎಲ್ಲ ಬಿಟಿ ಬೆಳೆಯೇ ಇದ್ದರೆ ಬದುಕಿದವು ಬದುಕಿದವನ್ನೇ ಕೂಡುತ್ತವೆ. ಅದಕ್ಕಾಗಿಯೇ ಪಕ್ಕದಲ್ಲಿ ಬಿಟಿ ಅಲ್ಲದ ಸಾಲುಗಳನ್ನು ಆಶ್ರಯವಾಗಿ ಬಿಡಬೇಕೆಂಬ ನಿಯಮ. ಅಲ್ಲಿಂದ ಬಂದ ಮಾಮೂಲಿ ಪತಂಗಗಳು ನಿರೋಧಕ ಪತಂಗಗಳ ಜೊತೆ ಕೂಡಿದರೆ ಮರಿಗಳಿಗೆ ನಿರೋಧದ ಜೀನ್ ಒಂದೇ ಪ್ರತಿ ಸಿಗುತ್ತದೆ. ನಿರೋಧ ಅಪ್ರಬಲವಾಗಿದ್ದಾಗ ಆ ಮರಿಗಳು ಸಾಯುತ್ತವೆ.

ಗುಲಾಬಿ ಕಾಯಿಕೊರಕದ ಉದಾಹರಣೆ ನೋಡಿ. ಅಮೆರಿಕದಲ್ಲಿ ಆಶ್ರಯದ ಸಾಲುಗಳು, ನಂತರ ಸಂತಾನಹೀನ ಪತಂಗಗಳ ಬಿಡುಗಡೆ, ಬೆಳೆಯ ಉಳಿಕೆ ನಾಶ ಇವನ್ನೆಲ್ಲ ಬಿಟಿ ಹತ್ತಿಯ ಜೊತೆಗೆ ನಡೆಸಿ 2018ರಲ್ಲಿ ಅಲ್ಲಿನ ಹತ್ತಿ ಪ್ರದೇಶಗಳಿಂದ ಹುಳು ನಿರ್ಮೂಲವಾಯಿತೆಂದು ಘೋಷಿಸಿದರು. ಭಾರತದಲ್ಲಿ 2002ರಲ್ಲಿ ಬಿಟಿ ಹತ್ತಿ ಬಂತು, ಆಶ್ರಯದ ಸಾಲು ಹೆಚ್ಚಿನ ಕಡೆ ಕಾಗದದಲ್ಲೇ ಉಳಿಯಿತು. 2010ರ ಹೊತ್ತಿಗೆ ಅದೇ ಹುಳು ಮೊದಲ ಬಿಟಿ ಪ್ರೋಟೀನ್‌ಗೆ ನಿರೋಧ ತೋರಿಸಿತ್ತು, ಮುಂದೆ ಎರಡು ಪ್ರೋಟೀನ್ ಇರುವ ಹತ್ತಿಯನ್ನೂ ಗೆದ್ದಿತು. ಹುಳು ಅದೇ, ತಂತ್ರ ಅದೇ. ಸುತ್ತಲಿನ ವ್ಯವಸ್ಥೆ ಮಾತ್ರ ಬೇರೆ.

ಪ್ರಶ್ನೆಚಿಹ್ನೆ

ಧನ್ಯವಾದ ಸರ್, ಬ್ರೆಜಿಲ್ ನಟ್ ವಿಷಯ ನನಗೆ ಗೊತ್ತಿರಲಿಲ್ಲ. ಕಳೆನಾಶಕದ ಬಗ್ಗೆ ಮಾತ್ರ ನನ್ನ ನಿಲುವು ಅದೇ. ಗ್ಲೈಫೋಸೇಟ್ ತಡೆಯೋ ಸೋಯಾ 1996ರಲ್ಲಿ ಬಂತು. ಹತ್ತು ವರ್ಷ ಆಗೋದರೊಳಗೆ ಅಮೆರಿಕದ ಹೊಲಗಳಲ್ಲಿ ಗ್ಲೈಫೋಸೇಟ್‌ಗೆ ಸಾಯದ ಪಾಮರ್ ಅಮರಾಂತ್ ಕಳೆ ಕಾಣಿಸಿಕೊಳ್ತು. ಒಂದೇ ರಾಸಾಯನಿಕವನ್ನ ವರ್ಷವರ್ಷವೂ ಅಷ್ಟು ವಿಸ್ತಾರಕ್ಕೆ ಹೊಡೆದ್ರೆ ಇನ್ನೇನಾಗುತ್ತೆ? ಪಪ್ಪಾಯಿ ಉಂಗುರ ಚುಕ್ಕೆ ವೈರಸ್ ತಡೆಯೋ ಹವಾಯಿಯ ಪಪ್ಪಾಯಿಗೆ ನನ್ನ ತಕರಾರಿಲ್ಲ, ಅಲ್ಲಿ ಬೇರೆ ದಾರಿಯೇ ಇರಲಿಲ್ಲ. ಎಲ್ಲವನ್ನೂ ಒಂದೇ ಗಂಟು ಕಟ್ಟಿ ಬೇಕು ಬೇಡ ಅನ್ನೋದನ್ನ ಎರಡೂ ಕಡೆಯವರು ನಿಲ್ಲಿಸಬೇಕು.

ಜೀವಶಾಸ್ತ್ರ_ಮೇಷ್ಟ್ರು

ಪೂರ್ತಿ ಒಪ್ಪಿದೆ.

ಹೊಸ_ಓದುಗ

ಮಧ್ಯೆ ಬಾಯಿ ಹಾಕ್ತಿದೀನಿ, ಕ್ಷಮಿಸಿ. ಡಾಲಿ ಕುರಿ ಕೂಡ ಕುಲಾಂತರಿನಾ?

ಜೀವಶಾಸ್ತ್ರ_ಮೇಷ್ಟ್ರು

ಅಲ್ಲ. 1996ರಲ್ಲಿ ಹುಟ್ಟಿದ ಡಾಲಿಯಲ್ಲಿ ಯಾವ ಜೀನನ್ನೂ ಬದಲಿಸಿರಲಿಲ್ಲ. ಬೆಳೆದ ಕುರಿಯ ಕೆಚ್ಚಲಿನ ಕೋಶದ ನ್ಯೂಕ್ಲಿಯಸ್ಸನ್ನು, ನ್ಯೂಕ್ಲಿಯಸ್ ತೆಗೆದ ಅಂಡಾಣುವಿಗೆ ಕೂಡಿಸಿದ್ದು. ಅದು ತದ್ರೂಪು ಸೃಷ್ಟಿ.

ಮಜ್ಜೆಕೋಶ

ಕ್ರಿಸ್ಪರ್ ಪ್ರಶ್ನೆ ಹಾಗೇ ಉಳಿದಿದೆ, ನಾನು ಉತ್ತರಿಸ್ತೀನಿ. ನನ್ನ ಕ್ಷೇತ್ರ ರಕ್ತದ ಆನುವಂಶಿಕ ಕಾಯಿಲೆಗಳು.

ಕ್ರಿಸ್ಪರ್ ತಂದ ಹೊಸತನ ಏನಂದ್ರೆ ವಿಳಾಸ. 20 ಅಕ್ಷರದ ಗೈಡ್ ಆರ್‌ಎನ್‌ಎ ಬರೆದುಕೊಟ್ರೆ ಕ್ಯಾಸ್9 ಅದಕ್ಕೆ ಹೊಂದೋ ಜಾಗ ಹುಡುಕಿ ಕತ್ತರಿಸುತ್ತೆ. ಪಕ್ಕದಲ್ಲೇ ಎನ್-ಜಿ-ಜಿ (ಎನ್ ಅಂದ್ರೆ ಯಾವ ಅಕ್ಷರವಾದ್ರೂ ಸರಿ) ಅನ್ನೋ ಗುರುತು ಇರಬೇಕು ಅನ್ನೋದೊಂದೇ ಷರತ್ತು. ಬ್ಯಾಕ್ಟೀರಿಯಾ ವೈರಸ್‌ನಿಂದ ತಪ್ಪಿಸಿಕೊಳ್ಳೋಕೆ ಬಳಸೋ ವ್ಯವಸ್ಥೆ ಇದು. 2012ರಲ್ಲಿ ಶಾರ್ಪಾಂಟಿಯೆ ಮತ್ತು ಡೌಡ್ನಾ ಇದನ್ನ ಬೇಕಾದ ಡಿಎನ್‌ಎ ಕತ್ತರಿಸೋ ಸಾಧನ ಮಾಡಿ ತೋರಿಸಿದ್ರು, 2020ರಲ್ಲಿ ನೊಬೆಲ್ ಬಂತು.

ಆದ್ರೆ ಕ್ಯಾಸ್9 ಕತ್ತರಿಸುತ್ತೆ ಅಷ್ಟೇ, ಹೊಲಿಯೋದು ಕೋಶ. ಆ ಹೊಲಿಗೆ ನಮ್ಮ ಮಾತು ಕೇಳಲ್ಲ. ಒಂದು ಕೋಶದಲ್ಲಿ ಎರಡಕ್ಷರ ಬಿಟ್ಟುಹೋಗುತ್ತೆ, ಪಕ್ಕದ ಕೋಶದಲ್ಲಿ ಒಂದಕ್ಷರ ಸೇರುತ್ತೆ, ಇನ್ನೊಂದರಲ್ಲಿ ಸಾವಿರಾರು ಅಕ್ಷರದ ತುಂಡೇ ಹಾರಿಹೋಗಬಹುದು. ಹೋಲುವ ಬೇರೆ ಜಾಗದಲ್ಲೂ ಕತ್ತರಿ ಬೀಳಬಹುದು. ಹಾಗಾಗಿ ಪೆಟ್ರಿತಟ್ಟೆ, ಹಸಿರುಮೊಳಕೆ ಇಬ್ಬರೂ ಹೇಳಿದ ಆರಿಸೋ ಕೆಲಸ ಇಲ್ಲೂ ತಪ್ಪಿಲ್ಲ.

ಸಿಕಲ್ ಸೆಲ್ ಕಾಯಿಲೆಗೆ ಬ್ರಿಟನ್ನಿನಲ್ಲಿ 2023ರ ನವೆಂಬರ್‌ನಲ್ಲಿ, ಅಮೆರಿಕದಲ್ಲಿ ಡಿಸೆಂಬರ್‌ನಲ್ಲಿ ಒಪ್ಪಿಗೆ ಸಿಕ್ಕ ಕ್ಯಾಸ್‌ಜೆವಿ ಚಿಕಿತ್ಸೆಯನ್ನೇ ತಗೊಳ್ಳಿ. ರೋಗ ತರೋ ಅಕ್ಷರವನ್ನ ಅಲ್ಲಿ ತಿದ್ದೋದೇ ಇಲ್ಲ. ಹುಟ್ಟಿದ ಮೇಲೆ ಭ್ರೂಣದ ಹಿಮೋಗ್ಲೋಬಿನ್ ನಿಲ್ಲಿಸೋ ಬಿಸಿಎಲ್11ಎ ಅನ್ನೋ ಜೀನ್ ಇದೆ. ಕೆಂಪು ರಕ್ತಕಣದ ಸಾಲಿನಲ್ಲಿ ಆ ಜೀನನ್ನ ಚುರುಕುಗೊಳಿಸೋ ಜಾಗವನ್ನ ಕೆಡಿಸ್ತಾರೆ. ಕೆಡಿಸೋದಕ್ಕೆ ಒರಟು ಹೊಲಿಗೆಯೇ ಸಾಕು, ನಿಖರ ತಿದ್ದುಪಡಿ ಬೇಕಿಲ್ಲ. ಆಗ ಭ್ರೂಣದ ಹಿಮೋಗ್ಲೋಬಿನ್ ಮತ್ತೆ ಬರುತ್ತೆ. ಕಾಂಡಕೋಶಗಳನ್ನ ರೋಗಿಯ ದೇಹದಿಂದ ಹೊರಗೆ ತಂದು, ಅಲ್ಲೇ ಬದಲಿಸಿ, ಪರೀಕ್ಷೆ ಮಾಡಿ ಆಮೇಲೆ ವಾಪಸ್ ಕೊಡ್ತಾರೆ. ವಾಪಸ್ ಕೊಡೋ ಮೊದಲು ಬುಸಲ್ಫಾನ್ ಅನ್ನೋ ಕೀಮೋ ಔಷಧಿ ಕೊಟ್ಟು ಹಳೇ ಮಜ್ಜೆ ಖಾಲಿ ಮಾಡಬೇಕು. ರೋಗಿಗೆ ಅದು ಬಹಳ ಕಷ್ಟದ ಹಂತ, ಪತ್ರಿಕೆಗಳು ಇದನ್ನ ಬರೆಯೋದೇ ಇಲ್ಲ ಅನ್ನೋದು ನನಗೆ ಬೇಸರ.

ದೇಹದ ಒಳಗೇ ತಲುಪಿಸೋದು ಬೇರೆ ಸವಾಲು. ಜೀನ್ ಹೊತ್ತೊಯ್ಯೋಕೆ ಹೆಚ್ಚು ಬಳಸೋ ಎಎವಿ ವೈರಸ್‌ನಲ್ಲಿ ಸುಮಾರು 4,700 ಅಕ್ಷರ ಮಾತ್ರ ಹಿಡಿಸುತ್ತೆ. ಕ್ಯಾಸ್9 ಜೀನೇ 4,100 ದಾಟುತ್ತೆ, ಗೈಡ್‌ಗೂ ಜೀನ್ ಶುರುಮಾಡೋ ಪ್ರೊಮೋಟರ್‌ಗೂ ಜಾಗ ಉಳಿಯಲ್ಲ.

ಇನ್ನು ಭ್ರೂಣ. 2018ರಲ್ಲಿ ಚೀನಾದ ವಿಜ್ಞಾನಿ ಹೆ ಜಿಯಾನ್‌ಕುಯಿ, ಎಚ್‌ಐವಿ ಕೋಶದೊಳಗೆ ನುಗ್ಗೋಕೆ ಬಳಸೋ ಸಿಸಿಆರ್5 ಜೀನ್ ಬದಲಿಸಿದ ಅವಳಿ ಮಕ್ಕಳು ಹುಟ್ಟಿದ್ದಾರೆ ಅಂತ ಹೇಳಿದಾಗ ನಮ್ಮ ಕ್ಷೇತ್ರದವರಿಗೆ ಆಘಾತ ಆದದ್ದು ನೈತಿಕತೆಯ ಕಾರಣಕ್ಕೆ ಮಾತ್ರ ಅಲ್ಲ. ಭ್ರೂಣದಿಂದ ಕೆಲವು ಕೋಶ ತೆಗೆದು ಪರೀಕ್ಷಿಸಬಹುದು, ಆದ್ರೆ ಪರೀಕ್ಷೆ ಮಾಡಿದ ಕೋಶ ಮಗುವಾಗಲ್ಲ, ಮಗುವಾಗೋ ಕೋಶವನ್ನ ಪರೀಕ್ಷೆ ಮಾಡಿರಲ್ಲ. ಒಂದೊಂದು ಕೋಶದಲ್ಲಿ ಒಂದೊಂದು ಬಗೆಯ ಬದಲಾವಣೆ ಇದ್ದಾಗ ಇದು ಎಷ್ಟು ಗಂಭೀರ ಅಂತ ಯೋಚಿಸಿ. ತಟ್ಟೆಯ ಮೇಲಿನ ತಪ್ಪು ಕಾಲೊನಿಯನ್ನ ಎಸೀಬಹುದು. ಇಲ್ಲಿ ಎಸೆಯೋ ಪ್ರಶ್ನೆಯೇ ಇಲ್ಲ. 2019ರ ಕೊನೆಯಲ್ಲಿ ಅವರಿಗೆ ಮೂರು ವರ್ಷ ಜೈಲು ಶಿಕ್ಷೆ ಆಯ್ತು.

ಮೂರನೇಸೆಮ್

ಮೇಡಂ, ನೀವು ಹೇಳಿದ ಕೊನೆಯ ಭಾಗ ಎರಡು ಸಲ ಓದಿದೆ. ಇದುವರೆಗೂ ಯಾರೂ ಹೀಗೆ ಹೇಳಿರಲಿಲ್ಲ. ಹಾಗಾದ್ರೆ ಗಿಡದಲ್ಲಿ ಕ್ರಿಸ್ಪರ್ ಮಾಡಿದ್ರೂ ಆ ಕ್ಯಾಲಸ್, ಕ್ಯಾನಮೈಸಿನ್ ಎಲ್ಲಾ ಬೇಕಾ?

ಹಸಿರುಮೊಳಕೆ

ಸಾಮಾನ್ಯವಾಗಿ ಬೇಕು. ಕ್ಯಾಸ್9 ಜೀನನ್ನ ಕೋಶಕ್ಕೆ ಒಯ್ಯೋಕೂ ಅದೇ ಅಗ್ರೋಬ್ಯಾಕ್ಟೀರಿಯಂ. ಬದಲಾದ ಕೋಶದಿಂದ ಪೂರ್ತಿ ಗಿಡ ಬರಬೇಕಾದ್ರೂ ಅದೇ ಅಂಗಾಂಶ ಕೃಷಿ. ಎಷ್ಟೋ ತಳಿಗಳು ಕ್ಯಾಲಸ್‌ನಿಂದ ಚಿಗುರೋದೇ ಇಲ್ಲ, ನಮಗೆ ನಿಜವಾದ ತಡೆ ಇರೋದು ಅಲ್ಲಿ. ಲ್ಯಾಬ್‌ಗಳಲ್ಲಿ ಬೆಳೆಸೋ ಚಿಕ್ಕ ಗಿಡ ಅರಬಿಡಾಪ್ಸಿಸ್ ಪುಣ್ಯ ಮಾಡಿದೆ, ಹೂವನ್ನ ಬ್ಯಾಕ್ಟೀರಿಯಾ ದ್ರಾವಣದಲ್ಲಿ ಅದ್ದಿದ್ರೆ ಸಾಕು, ಕೆಲವು ಬೀಜಗಳಲ್ಲಿ ಜೀನ್ ಸೇರಿರುತ್ತೆ. ಬೇರೆ ಬಹುತೇಕ ಬೆಳೆಗಳಿಗೆ ಆ ಸುಖ ಇಲ್ಲ.

ಒಂದು ಅನುಕೂಲ ಮಾತ್ರ ದೊಡ್ಡದು. ಕ್ಯಾಸ್9 ಒಂದು ಕ್ರೋಮೋಸೋಮ್‌ನಲ್ಲಿ, ಅದು ಮಾಡಿದ ಬದಲಾವಣೆ ಇನ್ನೊಂದರಲ್ಲಿ ಇದ್ರೆ, ಮುಂದಿನ ಪೀಳಿಗೆಯಲ್ಲಿ ಎರಡೂ ಬೇರೆಯಾಗ್ತವೆ. ಬದಲಾವಣೆ ಇದ್ದು ಕ್ಯಾಸ್9 ಇಲ್ಲದ ಸಸಿಯನ್ನ ಹುಡುಕಿ ಇಟ್ಕೊಳ್ತೀವಿ. ಆ ಸಸಿಯಲ್ಲಿ ಹೊರಗಿನ ಜೀನ್ ಏನೂ ಉಳಿದಿರಲ್ಲ. ಇಂಥದ್ದನ್ನ ಕುಲಾಂತರಿ ಅನ್ನಬೇಕಾ ಬೇಡವಾ ಅನ್ನೋದರಲ್ಲಿ ದೇಶಗಳ ನಡುವೆ ಒಮ್ಮತ ಇಲ್ಲ. ಯುರೋಪಿನ ನ್ಯಾಯಾಲಯ 2018ರಲ್ಲಿ ಹೌದು, ಕುಲಾಂತರಿ ನಿಯಮವೇ ಅನ್ವಯ ಅಂತು. ಜಪಾನ್‌ನಲ್ಲಿ ಗಾಬಾ ಅನ್ನೋ ಅಮೈನೋ ಆಮ್ಲ ಹೆಚ್ಚಿರೋ ಎಡಿಟ್ ಮಾಡಿದ ಟೊಮೆಟೊ 2021ರಲ್ಲಿ ಮಾರಾಟಕ್ಕೇ ಬಂತು.

ಮೂರನೇಸೆಮ್

ನಮಗೆ ಮುಂದಿನ ವಾರ ಟ್ರಾನ್ಸ್‌ಫಾರ್ಮೇಶನ್ ಪ್ರಾಕ್ಟಿಕಲ್ ಇದೆ. ಜಿಎಫ್‌ಪಿ (ಹಸಿರಾಗಿ ಹೊಳೆಯೋ ಪ್ರೋಟೀನ್) ಜೀನ್ ಇರೋ ಪ್ಲಾಸ್ಮಿಡ್ ಕೊಡ್ತಾರಂತೆ. ತಟ್ಟೆಗಳನ್ನ ಹೇಗೆ ಇಟ್ರೆ ನಾವು ನೋಡ್ತಿರೋದು ನಿಜ ಅಂತ ಹೇಳಬಹುದು?

ಪೆಟ್ರಿತಟ್ಟೆ

ಪ್ರಯೋಗದ ತಟ್ಟೆ ಜೊತೆ ಇನ್ನೆರಡು ಕೇಳಿ ಇಸ್ಕೊಳ್ಳಿ. ಪ್ಲಾಸ್ಮಿಡ್ ಹಾಕದ ಕೋಶಗಳನ್ನ ಆಂಪಿಸಿಲಿನ್ ತಟ್ಟೆಗೆ ಹರಡಿ, ಅದರಲ್ಲಿ ಏನೂ ಬರಬಾರದು. ಬಂದ್ರೆ ಆಂಪಿಸಿಲಿನ್ ಸತ್ತಿದೆ ಅಂತ, ಅಗಾರ್ ತೀರಾ ಬಿಸಿ ಇದ್ದಾಗ ಹಾಕಿದ್ರೆ ಹೀಗಾಗುತ್ತೆ. ಅದೇ ಕೋಶಗಳನ್ನ ಆಂಟಿಬಯಾಟಿಕ್ ಇಲ್ಲದ ತಟ್ಟೆಗೂ ಹರಡಿ, ಅಲ್ಲಿ ಹುಲುಸಾಗಿ ಬರಬೇಕು. ಬರದಿದ್ರೆ ಕೋಶಗಳು ಹೀಟ್ ಶಾಕ್‌ನಲ್ಲೇ ಸತ್ತಿವೆ, ಪ್ಲಾಸ್ಮಿಡ್‌ನ ದೂರಬೇಡಿ. ಜಿಎಫ್‌ಪಿ ಹೊಳೀದಿದ್ರೆ ಗಾಬರಿ ಬೇಡ, ಕೆಲವು ಪ್ಲಾಸ್ಮಿಡ್‌ನಲ್ಲಿ ಅರಾಬಿನೋಸ್ ಸಕ್ಕರೆ ಹಾಕಿದ್ರೇ ಆ ಜೀನ್ ಶುರುವಾಗೋದು, ಮಾಧ್ಯಮದಲ್ಲಿ ಅದಿದೆಯಾ ಅಂತ ಮೊದಲೇ ವಿಚಾರಿಸಿ. ತಟ್ಟೆಯ ತಳಕ್ಕೆ ಹೆಸರು, ದಿನಾಂಕ ಬರೀರಿ. ಮುಚ್ಚಳಕ್ಕೆ ಬರೆದ್ರೆ ಅದಲುಬದಲಾಗುತ್ತೆ.